ಮಡಿಕೆಯೊಳಗಿನ ಇಬ್ಬನಿಗಂಟೆ

ಏಪ್ರಿಲ್ 4

ಬೀಗರಿಗೆ ನಮಸ್ಕಾರ.

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ನನಗೋ ಸಿಟ್ಟು ಬಂದಾಗ ನಾಲಿಗೆ ತೊದಲುತ್ತದೆ. ಅದಕ್ಕೇ ಕಾಗದ. ಬರೆಯುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿದೆ. ಉಳಿದರ್ಧವನ್ನು ಈ ಲಕೋಟೆಯಲ್ಲಿ ಹಾಕಿ ಕಳಿಸುತ್ತಿದ್ದೇನೆ, ಜೋಪಾನವಾಗಿ ಒಡೆಯಿರಿ.

ನೀವು ನಮ್ಮ ಪುರಸಭೆಗೆ ಬರೆದ ತೀರ್ಪಿನ ಪ್ರತಿ ಮಗಳ ಕೈಗೆ ಬಂತು. "ಇದು ಬೋಳುಗಂಟೆ. ಎಲ್ಲೆಡೆ ಬೆಳೆಯುವ ಗಿಡ. ವಿಶೇಷವೇನೂ ಇಲ್ಲ." ಇಷ್ಟೇ. ಹಳೆಯ ಕಲ್ಲುಗಣಿಯಲ್ಲಿ ಎರಡು ವರ್ಷ ಬಿಸಿಲಲ್ಲಿ ಒಣಗಿದ ಹುಡುಗಿಗೆ ನೀವು ಕೊಟ್ಟದ್ದು ಇಷ್ಟು. ಅವಳು ನಿಮ್ಮ ಸೊಸೆ ಬೇರೆ!

ನಮ್ಮೂರಿನವರು ಆ ನೀಲಿ ಹೂವನ್ನು ಗಂಟೆಹೂ ಎನ್ನುತ್ತಾರೆ, ಅಷ್ಟಕ್ಕೇ ಬಿಡುತ್ತಾರೆ. ಅದರಲ್ಲಿ ಎರಡು ಜಾತಿಯಿದೆ, ಒಂದು ಬೋಳುಗಂಟೆ, ಇನ್ನೊಂದು ಎಲ್ಲೂ ಕಾಣಸಿಗದ ಇಬ್ಬನಿಗಂಟೆ, ಗಣಿಯಲ್ಲಿರುವುದು ಎರಡನೆಯದು ಎಂದು ಇವಳು ಹೇಳಿದ್ದಳು. ಹೌದಾದರೆ ಗಣಿಯನ್ನು ಮುಚ್ಚುವುದಿಲ್ಲ ಎಂದು ಪುರಸಭೆಯವರು ಒಪ್ಪಿದ್ದರು. ಈಗ ಜೂನ್ ಮೊದಲ ವಾರಕ್ಕೆ ಮಣ್ಣು ತುಂಬಿ ಲಾರಿ ನಿಲ್ಲಿಸುವ ಜಾಗ ಮಾಡುತ್ತಾರಂತೆ.

ಮಗಳು ಭೂತಗನ್ನಡಿಯನ್ನು ಬೀರುವಿನೊಳಗಿಟ್ಟು, ಕಾಲೇಜಿಗೆ ಹೋಗಿ ಪಾಠ ಮಾಡಿ ಬರುತ್ತಾಳೆ. ನಿಮ್ಮ ಮಗ ಔಷಧಿ ಅಂಗಡಿ ಮುಚ್ಚಿ ಬಂದ ಮೇಲೆ ಅಪ್ಪನ ಪರ ಒಂದು ಮಾತು, ಹೆಂಡತಿಯ ಪರ ಒಂದು ಮಾತು ಆಡಿ ಇಬ್ಬರಿಂದಲೂ ಬೈಸಿಕೊಳ್ಳುತ್ತಾರೆ. ಎರಡು ಬೀದಿ ಆಚೆ ಇದ್ದರೂ ಆ ಮನೆಯ ಮೌನ ನನ್ನ ಲಾಂಡ್ರಿಯವರೆಗೂ ಕೇಳಿಸುತ್ತದೆ.

ನನಗೆ ಗಿಡ ಗೊತ್ತಿಲ್ಲ, ಬಟ್ಟೆ ಗೊತ್ತು. ಆದರೆ ಇಲ್ಲಿಂದ ಬಂದ ಆ ಒಣಗಿಡದ ಹಾಳೆಯಲ್ಲಿ ನೀವು ಏನು ನೋಡಿದಿರಿ, ಏನು ನೋಡಲಿಲ್ಲ ಅನ್ನುವುದನ್ನು ನನಗೆ ಅರ್ಥವಾಗುವ ಹಾಗೆ ಹೇಳಿ.

ನಿಮ್ಮ ಬೀಗಿತ್ತಿ


ಏಪ್ರಿಲ್ 11

ಬೀಗಿತ್ತಿಯವರಿಗೆ ನಮಸ್ಕಾರ.

ಲಕೋಟೆಯನ್ನು ಜೋಪಾನವಾಗಿಯೇ ಒಡೆದೆ. ಆದರೂ ಕೈ ಸುಟ್ಟಿತು.

ನನ್ನ ಕೆಲಸ ನಿಮಗೆ ಗೊತ್ತಿರುವುದೇ. ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ನಡುವೆ ಆಯುಷ್ಯ ಕಳೆದವನು ನಾನು. ಕಿಟಕಿಯಿಲ್ಲದ ಕೋಣೆ, ಗೋಡೆಯುದ್ದಕ್ಕೂ ತಗಡಿನ ಕಪಾಟು, ನಡುವೆ ಒಂದು ದೀಪ. ದೂರದೂರದವರು ಕಳಿಸಿದ ಹಾಳೆಗಳನ್ನು ಆ ದೀಪದಡಿ ಇಟ್ಟು ಹೆಸರು ಹೇಳುವುದು ನನ್ನ ಪಾಲಿನ ಕೆಲಸ. ಹಾಳೆಯಲ್ಲಿ ಇದ್ದದ್ದನ್ನು ಬರೆಯಬೇಕು, ಇಲ್ಲದ್ದನ್ನು ಬರೆಯಬಾರದು.

ಬೋಳುಗಂಟೆ, ಇಬ್ಬನಿಗಂಟೆ ಎರಡಕ್ಕೂ ಎಲೆ ಒಂದೇ, ಬಣ್ಣ ಒಂದೇ, ಎತ್ತರ ಒಂದೇ. ವ್ಯತ್ಯಾಸವಿರುವುದು ಹೂವಿನ ಕೆಳಗಿನ ತೊಟ್ಟಿನಲ್ಲಿ, ಹೂವನ್ನು ಹಿಡಿದಿರುವ ಹಸಿರು ಬಟ್ಟಲಿನಲ್ಲಿ. ಇಬ್ಬನಿಗಂಟೆಗೆ ಅಲ್ಲಿ ಸಣ್ಣ ರೋಮಗಳಿರುತ್ತವೆ, ಪ್ರತಿ ರೋಮದ ತುದಿಯಲ್ಲೂ ಒಂದು ಜಿಗುಟು ಹನಿ. ಆ ಹೆಸರು ಬಂದದ್ದು ಅದರಿಂದ. ಬೋಳುಗಂಟೆಯ ತೊಟ್ಟು ಹೆಸರಿಗೆ ತಕ್ಕಂತೆ ಬೋಳು.

ನನಗೆ ಬಂದ ಹಾಳೆಯಲ್ಲಿ ಒಂದೇ ಒಂದು ರೋಮವಿರಲಿಲ್ಲ. ತೊಟ್ಟು ನುಣ್ಣಗೆ ಹೊಳೆಯುತ್ತಿತ್ತು. ಜೊತೆಗಿದ್ದ ಚೀಟಿಯಲ್ಲಿ ಮಾತ್ರ ಸೊಸೆ "ತೊಟ್ಟಿನ ಮೇಲೆ ಒತ್ತಾದ ಜಿಗುಟು ರೋಮ" ಎಂದು ಬರೆದಿದ್ದಳು. ಇದರ ಬಗ್ಗೆ ನನ್ನ ಮನಸ್ಸಿನಲ್ಲಿ ಇರುವುದನ್ನು ಬರೆಯಲಾರೆ. ಬರೆಯದಿರುವುದೇ ಎರಡೂ ಮನೆಗೆ ಒಳ್ಳೆಯದು.

ಅವಳು ಸೊಸೆಯೆಂದೇ ಎರಡು ಪಟ್ಟು ಕಟ್ಟುನಿಟ್ಟಾಗಿದ್ದೆ, ನಿಜ. ಸಡಿಲ ಬಿಟ್ಟಿದ್ದರೆ ನಾಲ್ಕು ಜನ ಆಡಿಕೊಳ್ಳುತ್ತಿದ್ದುದು ಅವಳನ್ನೇ.

ಇಂತಿ ನಿಮ್ಮ ಬೀಗ


ಏಪ್ರಿಲ್ 16

ಬೀಗರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಇಲ್ಲಿ ಎಲ್ಲ ಕ್ಷೇಮ. ಬಿಸಿಲು ಜೋರಾಗಿದೆ, ಬಟ್ಟೆ ಹರವಿದ ಕೂಡಲೇ ಒಣಗುತ್ತದೆ, ಹಾಗಾಗಿ ಅಂಗಡಿಯಲ್ಲಿ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಮದುವೆಯ ದಿನ ನಿಮ್ಮ ಅಂಗಿಯ ಕಾಲರ್ ನೋಡಿ ನಾನು ನಕ್ಕದ್ದು ನೆನಪಿದೆಯೇ? ಆ ಅಂಗಿಯನ್ನು ಒಮ್ಮೆ ಇಲ್ಲಿಗೆ ಕಳಿಸಿಕೊಡಿ, ನೆಟ್ಟಗೆ ಮಾಡಿಕೊಡುತ್ತೇನೆ.

ಒಂದು ಸಣ್ಣ ಸಂದೇಹ. ಆ ರೋಮಗಳು ತಾವಾಗಿಯೇ ಉದುರಿ ಹೋಗುವುದುಂಟೇ? ಸೆಕೆಗೆ, ಅಥವಾ ಅಂಚೆಯಲ್ಲಿ ಉಜ್ಜಾಡಿ? ಸುಮ್ಮನೆ ಕೇಳಿದೆ.

ನಿಮ್ಮ ಬೀಗಿತ್ತಿ


ಏಪ್ರಿಲ್ 23

ಬೀಗಿತ್ತಿಯವರಿಗೆ ನಮಸ್ಕಾರ.

ಇಷ್ಟು ಚಿಕ್ಕ ಕಾಗದ ನಿಮ್ಮಿಂದ ನಿರೀಕ್ಷಿಸಿರಲಿಲ್ಲ. ಸಿಟ್ಟು ಇಳಿದಿರಬೇಕು ಎಂದುಕೊಂಡು ಸಂತೋಷಪಟ್ಟೆ.

ಇಲ್ಲ, ರೋಮಗಳು ತಾವಾಗಿ ಉದುರುವುದಿಲ್ಲ. ನಮ್ಮ ಕಪಾಟಿನಲ್ಲಿ ನನ್ನ ಮುತ್ತಜ್ಜನ ಕಾಲದ, ಇಬ್ಬನಿಗಂಟೆಯ ಒಂದು ಹಾಳೆಯಿದೆ. ಹೂವು ಕಂದು ಬಣ್ಣಕ್ಕೆ ತಿರುಗಿದೆ, ಎಲೆಯನ್ನು ಹುಳ ತಿಂದಿದೆ, ರೋಮ ಮಾತ್ರ ಹಾಗೇ ಇದೆ. ನೀವು ಕೇಳಿದ ಮೇಲೆ ಮತ್ತೆ ತೆಗೆದು ನೋಡಿದೆ.

ಮೊನ್ನೆ ಮಗ ಫೋನ್ ಮಾಡಿ ಕೂಗಾಡಿದ. ಅರ್ಧ ಕೇಳಿಸಿತು, ಅಷ್ಟೇ ಸಾಕಾಯಿತು. ಆದ್ದರಿಂದ ನುಂಗಿಕೊಂಡಿದ್ದ ಮಾತನ್ನು ನಿಮ್ಮೊಬ್ಬರಿಗೆ ಹೇಳುತ್ತೇನೆ. ಇಲ್ಲದ ರೋಮವನ್ನು ಸೊಸೆ ಇದೆಯೆಂದು ಬರೆದಳು. ಗಣಿ ಉಳಿಯಲಿ ಎಂಬ ಆಸೆಯಿಂದ ಬರೆದಳು, ನನಗೆ ಅರ್ಥವಾಗುತ್ತದೆ. ಆ ತೊಟ್ಟಿನ ಮೇಲೆ ಏನೋ ಹೊಳಪು ಬೇರೆ ಬಳಿದಂತಿತ್ತು. ಹನಿಯಿದ್ದಂತೆ ಕಾಣಲಿ ಎಂದಿರಬಹುದು. ನಮ್ಮ ಕೆಲಸದಲ್ಲಿ ಒಮ್ಮೆ ಇಂಥದ್ದು ಬಯಲಾದರೆ ಆ ಮನುಷ್ಯನ ಒಂದು ಹಾಳೆಯನ್ನೂ ಮುಂದೆ ಯಾರೂ ನಂಬುವುದಿಲ್ಲ. ಅದಕ್ಕೇ ನಾನು ಪುರಸಭೆಗೆ ಆ ಚೀಟಿಯ ವಿಷಯ ಎತ್ತದೆ ಬರೀ ಹೆಸರು ಬರೆದು ಕೈತೊಳೆದುಕೊಂಡೆ. ಅವಳ ಮರ್ಯಾದೆ ಉಳಿಯಲಿ ಎಂದು.

ಇದು ನಮ್ಮಿಬ್ಬರಲ್ಲೇ ಇರಲಿ. ವಯಸ್ಸು ಚಿಕ್ಕದು, ತಿದ್ದಿಕೊಳ್ಳುತ್ತಾಳೆ.

ಇಂತಿ ನಿಮ್ಮ ಬೀಗ


ಮೇ 9

ಬೀಗರಿಗೆ,

ನಿಮ್ಮ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆದೆ, ಹರಿದೆ. ಮತ್ತೆ ಬರೆದೆ, ಅದನ್ನು ಬಾಯ್ಲರಿಗೆ ಹಾಕಿದೆ. ಇದನ್ನು ಮಾತ್ರ ಬರೆದ ಕೈಯಲ್ಲೇ ಅಂಚೆಪೆಟ್ಟಿಗೆಗೆ ಹಾಕಿ ಬರುತ್ತೇನೆ.

ಆ ಹಾಳೆಯನ್ನು ನಿಮಗೆ ಕಳಿಸಿದವಳು ನಾನು. ಮಗಳು ಗಿಡಗಳನ್ನು ಹಳೇ ಪೇಪರಿನ ನಡುವೆ ಇಟ್ಟು ನನ್ನ ಬಾಯ್ಲರ್ ಕೋಣೆಯಲ್ಲಿ ಒಣಗಿಸಿದ್ದಳು. ಕಳಿಸುವ ಹೊತ್ತಿಗೆ ಜ್ವರ ಬಂದು ಮಲಗಿದಳು. "ಅಮ್ಮಾ, ನೀನೇ ಪೋಸ್ಟ್ ಮಾಡಿಬಿಡು, ಮಾವನವ್ರು ಕಾಯ್ತಿರ್ತಾರೆ" ಅಂದಳು. ನಾನು ಪೇಪರ್ ಬಿಚ್ಚಿ ನೋಡಿದೆ. ಎಲೆ ಮುದುಡಿತ್ತು. ತೊಟ್ಟೆಲ್ಲ ಅಂಟಂಟು, ಅದಕ್ಕೆ ಧೂಳು, ಸತ್ತ ಸೊಳ್ಳೆ. ಇಷ್ಟು ಕೊಳಕನ್ನು ಮಾವನ ಮನೆಗೆ, ಅದೂ ಅಷ್ಟು ದೊಡ್ಡ ಸಂಗ್ರಹಾಲಯಕ್ಕೆ ಕಳಿಸಿದರೆ ಅವರು ಏನಂದುಕೊಂಡಾರು, ಇವಳ ತಾಯಿ ಇವಳಿಗೆ ಕಲಿಸಿದ್ದು ಇಷ್ಟೇನಾ ಅನ್ನುವುದಿಲ್ಲವೇ ಅನ್ನಿಸಿತು. ಒದ್ದೆ ಬಟ್ಟೆಯಲ್ಲಿ ನಯವಾಗಿ ಒರೆಸಿದೆ. ತೆಳ್ಳಗೆ ಗಂಜಿ ಚಿಮುಕಿಸಿದೆ. ಮೇಲೆ ಮಸ್ಲಿನ್ ಬಟ್ಟೆ ಹಾಸಿ, ಕಾವು ತಗ್ಗಿಸಿ ಇಸ್ತ್ರಿ ಮಾಡಿದೆ. ಬೀಗರೇ, ನಿಮಗೆ ಹೇಳುತ್ತೇನೆ, ಅಷ್ಟು ಚೆಂದದ ಇಸ್ತ್ರಿಯನ್ನು ನಾನು ಮದುವಣಗಿತ್ತಿಯ ಬಟ್ಟೆಗೂ ಮಾಡಿರಲಿಲ್ಲ.

ನೀವು ಹೊಳಪು ಎಂದದ್ದು ನನ್ನ ಗಂಜಿ. ನೀವು ಇಲ್ಲವೆಂದ ರೋಮ ನನ್ನ ಒದ್ದೆ ಬಟ್ಟೆಯಲ್ಲಿತ್ತು. ಆ ಬಟ್ಟೆಯನ್ನು ನಾನು ಅವತ್ತೇ ಒಗೆದೆ.

ನಿಮ್ಮ ಮೊದಲ ಕಾಗದ ಓದಿದಾಗಲೇ ನನ್ನ ಒದ್ದೆ ಬಟ್ಟೆಯ ನೆನಪಾಗಿತ್ತು. ಬಾಯಿಮುಚ್ಚಿಕೊಂಡೆ. ಹೂವಿನ ವಿಷಯ ತಾನೇ, ಹೋದರೆ ಹೋಗಲಿ ಎಂದುಕೊಂಡೆ. ನೀವು ನನ್ನ ಮಗಳನ್ನು ಸುಳ್ಳಿ ಎಂದ ಮೇಲೂ ಇಷ್ಟು ದಿನ ಸುಮ್ಮನಿದ್ದೆನಲ್ಲ, ಅದನ್ನು ನೆನೆದರೆ ನನಗೇ ನಾಚಿಕೆ.

ನಿನ್ನೆ ಸಂಜೆ ಅವಳು ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತಳು. ತೀರ್ಪು ಬಂದ ಮೇಲೆ ಒಮ್ಮೆ ಗಣಿಗೆ ಹೋಗಿದ್ದಳಂತೆ. ಮೊದಲು ಗಿಡ ಕಿತ್ತ ಜಾಗಕ್ಕೆ ಬೇಲಿ ಹಾಕಿದ್ದಾರೆ, ಬಾಗಿಲ ಹತ್ತಿರದ ಗಿಡಗಳನ್ನು ನೋಡಿ ಬಂದಳಂತೆ. "ಒಂದರಲ್ಲೂ ಇರಲಿಲ್ಲಮ್ಮಾ. ಎಲ್ಲಾ ಬೋಳು. ನಾನು ಅವತ್ತು ಏನು ನೋಡಿದೆ? ಬೇಕು ಬೇಕು ಅಂತ ಇಲ್ಲದ್ದೇ ಕಾಣ್ತೇನೋ. ಮಕ್ಕಳಿಗೆ ಕಣ್ಣಿಟ್ಟು ನೋಡಿ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?" ಅಂದಳು. ಕಾಲೇಜಿಗೆ ರಾಜೀನಾಮೆ ಕೊಡುವ ಮಾತಾಡುತ್ತಿದ್ದಾಳೆ.

ಆಗಲೂ ನಾನು ಅವಳಿಗೆ ಹೇಳಲಿಲ್ಲ. ಮೊದಲು ನಿಮಗೆ ಹೇಳುವುದು ಸುಲಭ ಅನ್ನಿಸಿತು. ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಅವಳು ಸುಳ್ಳು ಬರೆದಿಲ್ಲ.

ನಿಮ್ಮ ಬೀಗಿತ್ತಿ


ಮೇ 14

ಬೀಗಿತ್ತಿಯವರಿಗೆ,

ನಿಮ್ಮ ಕಾಗದವನ್ನು ಕೋಣೆಯಲ್ಲಿ ನಿಂತೇ ಓದಿದೆ. "ಕಾವು ತಗ್ಗಿಸಿ" ಎಂಬಲ್ಲಿಗೆ ಬಂದಾಗ ಜೋರಾಗಿ ನಕ್ಕುಬಿಟ್ಟೆ, ಪಕ್ಕದ ಕೋಣೆಯವರು ಇಣುಕಿ ನೋಡಿದರು. ಆಮೇಲೆ ನಗು ನಿಂತಿತು. ಒಂದು ಹಾಳೆ ನೋಡಿ ಗಿಡಕ್ಕೆ ಹೆಸರಿಟ್ಟೆ, ಅದು ನನ್ನ ಕೆಲಸ. ಅದೇ ಹಾಳೆ ನೋಡಿ ಮನೆಯ ಹೆಣ್ಣುಮಗಳಿಗೂ ಒಂದು ಹೆಸರಿಟ್ಟೆ. ಅದನ್ನು ಯಾರೂ ನನ್ನಿಂದ ಕೇಳಿರಲಿಲ್ಲ. ನಿಮ್ಮನ್ನು ಬೈಯುವ ಮೊದಲು ನನ್ನನ್ನು ಬೈದುಕೊಳ್ಳಬೇಕು, ಅದೇ ಇನ್ನೂ ಮುಗಿದಿಲ್ಲ.

ಹಾಳೆಯನ್ನು ಮತ್ತೆ ದೀಪದಡಿ ತಂದೆ. ಒಂದು ಮೊಗ್ಗನ್ನು ಬಿಡಿಸಿ ಬಿಸಿನೀರಿನಲ್ಲಿ ನೆನೆಹಾಕಿದೆ. ಒಣಗಿದ ಹೂವು ಹಾಗೆ ಮಾಡಿದರೆ ಮೆತ್ತಗಾಗಿ ಬಿಚ್ಚಿಕೊಳ್ಳುತ್ತದೆ. ಹಸಿರು ಬಟ್ಟಲಿನ ಹಲ್ಲಿನಂಥ ಒಂದು ಅಂಚು ಒಳಕ್ಕೆ ಮಡಚಿಕೊಂಡಿತ್ತು. ಸೂಜಿಯಿಂದ ಆ ಮಡಿಕೆ ಬಿಡಿಸಿದೆ. ನಿಮ್ಮ ಒದ್ದೆ ಬಟ್ಟೆ ಅಲ್ಲಿಗೆ ತಲುಪಿರಲಿಲ್ಲ. ರೋಮಗಳಿದ್ದವು, ತುದಿಯಲ್ಲಿ ಹನಿ ಒಣಗಿದ ಗುರುತೂ ಇತ್ತು. ನಾನು ಮೊದಲೇ ಮಾಡಬೇಕಿದ್ದ ಕೆಲಸ ಇದು.

ಆದರೆ ಒರೆಸಿದ ಹಾಳೆಯ ಒಂದು ಮಡಿಕೆ ತೋರಿಸಿ ಪುರಸಭೆಯನ್ನು ಒಪ್ಪಿಸಲಾಗುವುದಿಲ್ಲ. ಯಾರಾದರೂ ಗಣಿಯಲ್ಲೇ ನೋಡಬೇಕು. ಸೊಸೆ ತನ್ನ ವ್ಯಾಜ್ಯಕ್ಕೆ ತಾನೇ ಸಾಕ್ಷಿಯಾಗಲಾರಳು. ನನ್ನ ಮಂಡಿಗೆ ವೈದ್ಯರು ಪಟ್ಟಿ ಕಟ್ಟಿದ್ದಾರೆ, ತಿಂಗಳ ಕೊನೆಯವರೆಗೆ ಪ್ರಯಾಣ ಮಾಡುವಂತಿಲ್ಲ. ಅಷ್ಟರಲ್ಲಿ ಹೂವು ಮುಗಿದರೆ ಬಂದೂ ಪ್ರಯೋಜನವಿಲ್ಲ. ನೀವು ಹೋಗಿ ನೋಡುತ್ತೀರಾ?

ಗಿಡವನ್ನು ಕೀಳಬೇಡಿ. ಬಗ್ಗಿ, ತೊಟ್ಟನ್ನು ಬೆಳಕಿಗೆ ಎದುರಾಗಿ ಬರುವಂತೆ ನೋಡಿ, ರೋಮವಿದ್ದರೆ ಅಂಚಿನಲ್ಲಿ ಮಿನುಗುತ್ತದೆ. ಜೇಡದ ಎಳೆಯನ್ನು ರೋಮವೆಂದು ನಂಬಿ ಮೋಸಹೋದವರನ್ನು ಕಂಡಿದ್ದೇನೆ. ಮೆಲ್ಲಗೆ ಊದಿ, ಜೇಡದ ಎಳೆ ಅಲ್ಲಾಡುತ್ತದೆ, ರೋಮ ಅಲ್ಲಾಡುವುದಿಲ್ಲ. ಬೆರಳು ತಾಗಿಸಿ ತೆಗೆಯಿರಿ, ಅಂಟುತ್ತದೆಯೇ ನೋಡಿ. ಒಂದೇ ಜಾಗದಲ್ಲಿ ನೋಡಿ ಬರಬೇಡಿ, ಸುತ್ತಾಡಿ. ಏನು ಕಂಡಿತೋ ಅದನ್ನು ಬರೆಯಿರಿ. ಏನು ಕಾಣಬೇಕಿತ್ತೋ ಅದನ್ನಲ್ಲ.

ಇಂತಿ ನಿಮ್ಮ ಬೀಗ


ಮೇ 19

ಬೀಗರಿಗೆ ನಮಸ್ಕಾರ.

ಹೋಗಿಬಂದೆ. ಗಣಿಯ ಕಾವಲುಗಾರನ ಸಮವಸ್ತ್ರ ನನ್ನ ಅಂಗಡಿಗೇ ಬರುವುದು. "ಒಳಗೇನಿದೆ ಅಮ್ಮಾ, ಬರೀ ಕಲ್ಲು" ಅಂದ. "ಕಲ್ಲನ್ನೇ ನೋಡ್ಬೇಕಪ್ಪಾ, ಬಾಗಿಲು ತೆಗಿ" ಅಂದೆ. ಭೂತಗನ್ನಡಿ ಕೇಳಲು ಮಗಳ ಹತ್ತಿರ ಹೋಗುವಂತಿರಲಿಲ್ಲ, ಗಡಿಯಾರ ರಿಪೇರಿಯವನದ್ದು ಎರವಲು ತಂದೆ.

ಬಾಗಿಲ ಹತ್ತಿರ, ಬಿಸಿಲು ಬೀಳುವ ಕಡೆ, ಗಂಟೆಹೂ ರಾಶಿ ರಾಶಿ. ನೀವು ಹೇಳಿದ ಹಾಗೆ ಬಗ್ಗಿದೆ, ಬೆಳಕಿಗೆ ಹಿಡಿದೆ, ಊದಿದೆ. ಎಲ್ಲಾ ನುಣುಪು, ಪಾಪ್ಲಿನ್ ಬಟ್ಟೆಯ ಹಾಗೆ. ಒಂದರಲ್ಲಿ ಬಿಳಿ ಎಳೆ ಕಂಡು ಸಿಕ್ಕಿತು ಎಂದುಕೊಂಡೆ. ಊದಿದೆ, ಅಲ್ಲಾಡಿತು. ಜೇಡ.

ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ. ಯಾರೂ ನೋಡುತ್ತಿರಲಿಲ್ಲ. "ಎಲ್ಲದರಲ್ಲೂ ರೋಮ ಇದೆ" ಎಂದು ಬರೆದರೆ ನಿಮಗೆ ಹೇಗೆ ಗೊತ್ತಾಗಬೇಕು? ನನ್ನ ಮಗಳು ಉಳಿಯುತ್ತಾಳೆ, ಗಣಿ ಉಳಿಯುತ್ತದೆ. ಮನಸ್ಸಿನಲ್ಲಿ ಕಾಗದ ಬರೆದೂ ಆಗಿತ್ತು. ಆದರೆ ಇಸ್ತ್ರಿ ಮಾಡಿದಾಗಲೂ ನಾನು ಅವಳ ಒಳ್ಳೆಯದಕ್ಕೇ ಮಾಡಿದ್ದಲ್ಲವೇ? ಸೀರೆ ಕೊಡವಿಕೊಂಡು ಎದ್ದೆ.

ಕಾವಲುಗಾರನನ್ನು ಕಾಡಿ ಬೇಲಿ ತೆಗೆಸಿದೆ. ಆಚೆ, ಹಿಂದಿನ ಗೋಡೆಯಲ್ಲಿ ನೀರು ಒಸರುತ್ತದೆ. ಮಧ್ಯಾಹ್ನವೂ ಅಲ್ಲಿ ನೆರಳು. ಅಲ್ಲಿ ಗಂಟೆಹೂ ಕಡಿಮೆ, ಅಲ್ಲೊಂದು ಇಲ್ಲೊಂದು. ಮೊದಲನೆಯದನ್ನು ಬೆಳಕಿಗೆ ತಿರುಗಿಸಿದಾಗ ತೊಟ್ಟಿನ ಅಂಚು ಹೊಸ ಫ್ಲಾನಲ್ ಬಟ್ಟೆಯ ಜುಂಗಿನ ಹಾಗೆ ಮಿನುಗಿತು. ಊದಿದೆ, ಅಲ್ಲಾಡಲಿಲ್ಲ. ಮತ್ತೆ ಊದಿದೆ. ಬೆರಳಿಟ್ಟೆ, ಅಂಟಿತು. ಅದೇ ಅಂಟು ಬೀಗರೇ, ಅವತ್ತು ಥೂ ಎಂದುಕೊಂಡು ಒರೆಸಿದ್ದು. ನನಗೆ ಅಲ್ಲೇ ಅಳು ಬಂತು.

ಗೋಡೆಯ ಬುಡದಲ್ಲಿ ಎರಡೂ ಜಾತಿ ಬೆರೆತಿವೆ. ಗೋಡೆಗೆ ತಾಗಿಕೊಂಡವು ಎಲ್ಲಾ ಅಂಟು. ಬಿಸಿಲಿನ ಕಡೆ ಒಂದರಲ್ಲೂ ಇಲ್ಲ. ಅರ್ಧಕ್ಕರ್ಧ ಎಂದು ಬರೆಯುವ ಆಸೆಯಿತ್ತು, ಅಷ್ಟಿಲ್ಲ. ಸ್ವಲ್ಪವೇ ಇವೆ.

ಮಗಳಿಗೆ ಇನ್ನೂ ಹೇಳಿಲ್ಲ.

ನಿಮ್ಮ ಬೀಗಿತ್ತಿ


ಮೇ 23

ಬೀಗಿತ್ತಿಯವರಿಗೆ ನಮಸ್ಕಾರ.

ನೀವು "ಇಲ್ಲ" ಎಂದು ಬರೆದ ಕಡೆ ಇಲ್ಲವೆಂದು ನಂಬಿದೆ. ಆದ್ದರಿಂದ "ಇದೆ" ಎಂದು ಬರೆದ ಕಡೆ ಇದೆಯೆಂದೂ ನಂಬುತ್ತೇನೆ. ಸೊಸೆ ಎರಡನೆಯ ಸಲ ನೋಡಿದ್ದೂ ಸರಿ, ಮೊದಲ ಸಲ ನೋಡಿದ್ದೂ ಸರಿ. ಜಾಗ ಬೇರೆಯಾಗಿತ್ತು, ಅಷ್ಟೇ.

28ಕ್ಕೆ ಬರುತ್ತಿದ್ದೇನೆ. ವೈದ್ಯರಿಗೆ ಹೇಳಿಲ್ಲ. ಪುರಸಭೆಯ ಇಂಜಿನಿಯರನ್ನೂ ಗಣಿಗೆ ಕರೆದಿದ್ದೇನೆ. ನಾನು ಬರುವ ಮೊದಲು ಅವಳಿಗೆ ಹೇಳಿಬಿಡಿ. ಅವಳ ಮೇಲೆ ನನಗೆ ಬಂದಿದ್ದ ಅನುಮಾನವನ್ನು ಮಾತ್ರ ನೀವು ಹೇಳಬೇಡಿ, ಅದನ್ನು ನಾನೇ ಹೇಳಬೇಕು.

ಕಾಲರ್ ನೆಟ್ಟಗಿಲ್ಲದ ಆ ಅಂಗಿಯನ್ನೇ ಹಾಕಿಕೊಂಡು ಬರುತ್ತೇನೆ.

ಇಂತಿ ನಿಮ್ಮ ಬೀಗ


ಜೂನ್ 7

ಬೀಗಿತ್ತಿಯವರಿಗೆ ನಮಸ್ಕಾರ.

ಕ್ಷೇಮವಾಗಿ ತಲುಪಿದೆ. ಮಂಡಿ ಊದಿಕೊಂಡಿದೆ, ವೈದ್ಯರಿಂದ ಬೈಸಿಕೊಂಡೂ ಆಯಿತು.

ಪುರಸಭೆಯ ಆದೇಶ ನಿಮಗೂ ಬಂದಿರಬೇಕು. ಒಸರುವ ಗೋಡೆ, ಅದರ ಬುಡದ ಪಟ್ಟಿ ಉಳಿಯುತ್ತದೆ. ಉಳಿದ ಗಣಿಗೆ ಮಣ್ಣು ಬೀಳುತ್ತದೆ. ಇನ್ನೂ ಸ್ವಲ್ಪ ಸಿಕ್ಕೀತೆಂದು ಆಸೆಯಿತ್ತು, ಇಲ್ಲ. ಗಣಿಯಲ್ಲಿ ನಾನು ಕ್ಷಮೆ ಕೇಳಿದಾಗ ಸೊಸೆ ಗೋಡೆಯ ಕಡೆ ತಿರುಗಿ ನಿಂತಳು. ಆಮೇಲೆ "ಮಾವ, ಮಂಡಿ ಊರ್ಬೇಡಿ, ನಾನೇ ಹಿಡ್ಕೊಂಡು ತೋರಿಸ್ತೀನಿ" ಅಂದಳು. ಅಷ್ಟು ಸಾಕು ನನಗೆ. ಪೂರ್ತಿ ಕ್ಷಮಿಸಿಲ್ಲ ಎಂದೂ ಗೊತ್ತು.

ಅವಳು ಕಳಿಸಿದ ಹೊಸ ಹಾಳೆ ನಿನ್ನೆ ಬಂತು. ಕಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಅಮ್ಮಾ, ಇದಕ್ಕೆ ಇಸ್ತ್ರಿ ಬೇಡ" ಎಂದಿತ್ತು. ಅಂಚೆಯವನು ಎರಡು ಸಲ ಓದಿ ನನ್ನ ಮುಖ ನೋಡಿದ. ನಿಮ್ಮ ಹಳೆಯ ಹಾಳೆಯನ್ನೂ ನಾನು ಎಸೆದಿಲ್ಲ. ಎರಡನ್ನೂ ಒಂದೇ ಕಪಾಟಿನಲ್ಲಿಟ್ಟಿದ್ದೇನೆ. ಅದರ ಚೀಟಿಯಲ್ಲಿ ಹೀಗೆ ಬರೆದೆ: "ಇಬ್ಬನಿಗಂಟೆ. ಒರೆಸಿ, ಗಂಜಿ ಹಾಕಿ, ಇಸ್ತ್ರಿ ಮಾಡಿದ್ದು. ಮಡಿಕೆಯೊಳಗೆ ನೋಡಿ."

ಒಂದು ಮಾತು ಕೇಳಬೇಕು. ನೀವು ಇಸ್ತ್ರಿಯ ವಿಷಯ ಹೇಳಿದಾಗ ಅವಳು ಏನಂದಳು? ಅವಳನ್ನೇ ಕೇಳಿದೆ, ನಕ್ಕು ಮಾತು ತೇಲಿಸಿದಳು.

ಇಂತಿ ನಿಮ್ಮ ಬೀಗ


ಜೂನ್ 12

ಬೀಗರಿಗೆ ನಮಸ್ಕಾರ.

ಮಂಡಿಗೆ ಬಿಸಿ ಬಟ್ಟೆಯ ಶಾಖ ಕೊಡಿ. ಇಸ್ತ್ರಿಪೆಟ್ಟಿಗೆ ಬೇಡ.

ನೀವು ಬರುವ ಹಿಂದಿನ ದಿನ ಹೇಳಿದೆ. ಅಂಗಡಿಯಲ್ಲಿ ಹೇಳಲಾಗದೆ ಅವರ ಮನೆಗೇ ಹೋದೆ. ಅವಳು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ನಾನು ನಿಂತಲ್ಲೇ, ಒದ್ದೆ ಬಟ್ಟೆಯಿಂದ ಶುರುಮಾಡಿ ಮಸ್ಲಿನ್‌ವರೆಗೆ ಎಲ್ಲಾ ಹೇಳಿದೆ. ಕೂಗಾಡುತ್ತಾಳೆ, ಬೇಕಾದರೆ ಒಂದು ತಟ್ಟೆಯನ್ನಾದರೂ ಎಸೆಯುತ್ತಾಳೆ ಎಂದು ಮೈ ಬಿಗಿಹಿಡಿದುಕೊಂಡಿದ್ದೆ. ಎರಡು ವರ್ಷದ ಕೆಲಸ ಹಾಳುಮಾಡಿದವಳು ನಾನು. ಅಷ್ಟು ದಿನ ಅವಳು ನವೆಯುವುದನ್ನು ನೋಡಿಕೊಂಡು ಬಾಯಿಮುಚ್ಚಿಕೊಂಡಿದ್ದವಳೂ ನಾನೇ.

ಅವಳು ಪಾತ್ರೆ ಕೆಳಗಿಟ್ಟಳು. ನನ್ನ ಕಡೆ ನೋಡಲಿಲ್ಲ, ತನ್ನ ಬೆರಳುಗಳನ್ನು ನೋಡಿಕೊಂಡಳು.

"ಹಾಗಾದ್ರೆ ಅದು ಇತ್ತಾ ಅಮ್ಮಾ? ನಾನು ನೋಡಿದ್ದು?"

"ಇತ್ತು ಮಗಳೇ. ನಾನೇ ಒರೆಸಿಬಿಟ್ಟೆ."

"ನಿಜವಾಗ್ಲೂ ಇತ್ತಾ?"

"ನನ್ನ ಕೈಗೇ ಅಂಟಿತ್ತು ಕಣೇ."

ಆಗ ಅತ್ತಳು ಬೀಗರೇ. ನನ್ನ ಮೇಲಿನ ಸಿಟ್ಟಿಗಲ್ಲ. ಆ ಸಿಟ್ಟು ಮಾರನೆಯ ದಿನ ಬಂತು, ಇನ್ನೂ ಪೂರ್ತಿ ಹೋಗಿಲ್ಲ, ಇರಲಿ, ಅದು ನನಗೆ ಬರಬೇಕಾದದ್ದೇ. ಅವತ್ತು ಮಾತ್ರ ನನ್ನ ಭುಜಕ್ಕೆ ಮುಖ ಒತ್ತಿ, ಚಿಕ್ಕವಳಿದ್ದಾಗ ಜ್ವರ ಬಿಟ್ಟ ಮೇಲೆ ಅಳುತ್ತಿದ್ದಳಲ್ಲ, ಹಾಗೆ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬೀರು ತೆಗೆದು, ಭೂತಗನ್ನಡಿಯನ್ನು ಸೆರಗಿನಲ್ಲಿ ಒರೆಸಿ, ಅದರ ದಾರವನ್ನು ಕೊರಳಿಗೆ ಹಾಕಿಕೊಂಡಳು.

ನಿಮ್ಮ ಬೀಗಿತ್ತಿ